ಹಿಂದಿನ ಚಕ್ರದ ಕೆಸರು

ನಮ್ಮ ಬೆನ್ನಿಗೆ ಕೆಸರು ಹಾರಿದೆ ಎಂದು ಹೇಳುವುದಕ್ಕಾದರೂ ಮನುಷ್ಯರಿಗೆ ಇನ್ನೊಬ್ಬರು ಬೇಕು. ಮುಖದ ಮೇಲಿನ ಕಲೆಯನ್ನು ಕನ್ನಡಿ ತೋರಿಸುತ್ತದೆ, ಮಡಿಲಿನದನ್ನು ನಮ್ಮ ಕಣ್ಣೇ ನೋಡುತ್ತದೆ. ಬೆನ್ನಿನದಕ್ಕೆ ಮಾತ್ರ ಹಿಂದೆ ಯಾರಾದರೂ ಇರಬೇಕು, ಇದ್ದವರಿಗೆ ನಮ್ಮ ಮೇಲೆ ಒಂಚೂರು ಸಲಿಗೆಯೂ ಇರಬೇಕು.

ಈ ಜ್ಞಾನೋದಯ ನನಗಾದದ್ದು ಬೋಧಿವೃಕ್ಷದ ಕೆಳಗಲ್ಲ, ಕೊಪ್ಪದ ನನ್ನ ಬಾಡಿಗೆ ಮನೆಯ ಬಚ್ಚಲಿನಲ್ಲಿ. ಅವತ್ತು ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಸೈಕಲ್ ಹತ್ತಿ ಪೇಟೆಗೆ ಹೋದೆ. ಬ್ಯಾಂಕಿನ ಸಾಲಿನಲ್ಲಿ ನಿಂತೆ, ಬದನೆಕಾಯಿ ಆರಿಸಿದೆ, ಔಷಧಿ ಅಂಗಡಿಯವನ ಜೊತೆ ಬಿ.ಪಿ. ಮಾತ್ರೆಯ ಬಣ್ಣ ಬದಲಾದದ್ದಕ್ಕೆ ವಾದ ಮಾಡಿದೆ, ಬಸ್ ಸ್ಟ್ಯಾಂಡಿನ ಹತ್ತಿರ ಗತ್ತಿನಿಂದ ಕಾಫಿ ಕುಡಿದೆ. ಮನೆಗೆ ಬಂದು ಬಟ್ಟೆ ಬದಲಿಸುವಾಗ ನೋಡುತ್ತೇನೆ, ಚೂಡಿದಾರದ ಬೆನ್ನಿನಲ್ಲಿ ಸೊಂಟದಿಂದ ಕುತ್ತಿಗೆಯವರೆಗೆ ಕೆಮ್ಮಣ್ಣಿನ ನೆಟ್ಟಗಿನ ಗೆರೆ! ಆ ಗೆರೆಯನ್ನು ಹೊತ್ತುಕೊಂಡೇ ನಾನು ಊರೆಲ್ಲ ಮೆರೆದು ಬಂದಿದ್ದೆ. ಇಡೀ ಪೇಟೆ ನೋಡಿತ್ತು, ಒಬ್ಬರೂ ಹೇಳಿರಲಿಲ್ಲ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ನಿವೃತ್ತಿಯಾದ ಮೇಲೆ ಬಂದು ಸೇರಿಕೊಂಡ ಒಂಟಿ ಹೆಂಗಸಿಗೆ, ಅದೂ ಈ ವಯಸ್ಸಿನಲ್ಲಿ ಸೈಕಲ್ ಹೊಡೆಯುವವಳಿಗೆ, ಬೆನ್ನು ನೋಡಿಕೊಳ್ಳಿ ಎಂದು ಯಾರು ತಾನೇ ಹೇಳುತ್ತಾರೆ? ಆದರೂ ಆ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆ ಹಾಕುವಾಗ ಅಳು ಬಂತು. ಸೋಪಿನ ಪುಡಿಯ ಘಾಟು ಅಂದುಕೊಂಡು ಅತ್ತೆ.

ಆಮೇಲೆ ಹೊರಗೆ ಬಂದು ಸೈಕಲ್ಲನ್ನು ಪರೀಕ್ಷೆ ಮಾಡಿದೆ. ಹಿಂದಿನ ಪ್ಲಾಸ್ಟಿಕ್ ಮಡ್‌ಗಾರ್ಡು ಯಾವಾಗಲೋ ಮುರಿದು ಗೇಣುದ್ದದ ಮೋಟು ಉಳಿದಿತ್ತು. ಯಾವಾಗ ಮುರಿಯಿತೋ ನನಗೆ ಗೊತ್ತೇ ಇಲ್ಲ. ಮುಂದಿನ ಮಡ್‌ಗಾರ್ಡು ಸವಾರಿ ಮಾಡುವವರ ಕಣ್ಣೆದುರಿಗೇ ಇರುತ್ತದೆ, ಅದಕ್ಕೆ ಎಲ್ಲ ಆರೈಕೆ. ಹಿಂದಿನದನ್ನು ನೋಡುವವರು ಹಿಂದೆ ಬರುವವರು. ನನ್ನ ಹಿಂದೆ ಯಾರೂ ಬಂದವರೇ ಇಲ್ಲ, ನೌಕರಿಯ ಉದ್ದಕ್ಕೂ ನಾನೇ ಇನ್ನೊಬ್ಬಳ ಹಿಂದೆ ಹೋದವಳು.

ಆ ಇನ್ನೊಬ್ಬಳು ಜಲಜ. ನಾವಿಬ್ಬರೂ ಒಟ್ಟಿಗೆ ಆರೋಗ್ಯ ಸಹಾಯಕಿಯರಾಗಿ ಹಿರೇಕೊಡಿಗೆಯ ಸುತ್ತಮುತ್ತ ಕೆಲಸಕ್ಕೆ ಸೇರಿದವರು. ಕ್ಯಾರಿಯರಿನಲ್ಲಿ ಲಸಿಕೆಯ ಡಬ್ಬಿ, ಹ್ಯಾಂಡಲಿನಲ್ಲಿ ಛತ್ರಿ, ಮೈಮೇಲೆ ಬಿಳಿ ಸೀರೆ. ಕೆಮ್ಮಣ್ಣಿನ ಊರಿನಲ್ಲಿ ತಿರುಗುವವರಿಗೆ ಬಿಳಿ ಸೀರೆಯೇ ಸರಿ ಎಂದು ತೀರ್ಮಾನಿಸಿದ ಪುಣ್ಯಾತ್ಮರು ಎಲ್ಲಿದ್ದರೂ ತಣ್ಣಗಿರಲಿ. ನಮ್ಮ ಕಡೆ ಸೈಕಲ್ ಸವಾರಿಯೆಂದರೆ ಅರ್ಧ ದಾರಿ ನಾವು ಅದರ ಮೇಲೆ, ಇನ್ನರ್ಧ ದಾರಿ ಅದು ನಮ್ಮ ಮೇಲೆ. ಏರು ಬಂದಾಗ ಇಬ್ಬರೂ ಇಳಿದು ಪಕ್ಕಪಕ್ಕದಲ್ಲಿ ದೂಡಿಕೊಂಡು ಹೋಗುತ್ತಿದ್ದೆವು. ಇಳಿಜಾರು ಬಂದಾಗ ಒಬ್ಬರು ಮುಂದೆ, ಒಬ್ಬರು ಹಿಂದೆ. ಮುಂದೆ ಯಾವಾಗಲೂ ಜಲಜ.

ಅದಕ್ಕೆ ಕಾರಣವಿತ್ತು. ಅವಳು ಮಾತುಗಾತಿ. ಓಡುವ ಸೈಕಲ್ಲಿನಲ್ಲಿ ಮುಂದಿರುವವರ ಮಾತನ್ನು ಗಾಳಿ ಹಿಂದಿನವರ ಕಿವಿಗೆ ತಂದು ಹಾಕುತ್ತದೆ, ಹಿಂದಿನವರ ಮಾತನ್ನು ಇನ್ನೂ ಹಿಂದಕ್ಕೆ ಒಯ್ದುಬಿಡುತ್ತದೆ. ಹಾಗಾಗಿ ಮಾತಾಡುವವರು ಮುಂದೆ, ಕೇಳುವವರು ಹಿಂದೆ ಎಂಬುದು ನಮ್ಮಿಬ್ಬರ ನಡುವೆ ತಾನಾಗಿ ಆದ ಕಾನೂನು. ಯಾವ ಮನೆಯ ಸೊಸೆ ಕಬ್ಬಿಣದ ಮಾತ್ರೆಯನ್ನು ದಾಸವಾಳದ ಬುಡಕ್ಕೆ ಹಾಕುತ್ತಾಳೆ, ಯಾವ ಅಜ್ಜಿ ಸೂಜಿ ಕಂಡು ಅಟ್ಟ ಹತ್ತಿದಳು, ಎಲ್ಲವನ್ನೂ ನಾನು ಅವಳ ಬೆನ್ನಿನಿಂದಲೇ ಕೇಳಿದ್ದು. ಅವಳ ಸೈಕಲ್ಲಿಗೆ ಹಳೆಯ ಕಾಲದ ತಗಡಿನ ಮಡ್‌ಗಾರ್ಡು. ಹಿಂದಿನದರ ತುದಿಯಲ್ಲಿ ಬಿಳಿ ಬಣ್ಣದ ಪಟ್ಟಿ, ನಡುವೆ ಕೆಂಪು ಗಾಜಿನ ಬಿಲ್ಲೆ. ಮದುವೆಯಾದವರು ಗಂಡನ ಮುಖವನ್ನು ಎಷ್ಟು ನೋಡುತ್ತಾರೋ ನನಗೆ ಗೊತ್ತಿಲ್ಲ, ನಾನು ಆ ಬಿಳಿ ಪಟ್ಟಿಯನ್ನು ಅದಕ್ಕಿಂತ ಹೆಚ್ಚು ನೋಡಿದ್ದೇನೆ.

ಆ ಮಡ್‌ಗಾರ್ಡಿಗೆ ಒಂದೇ ಒಂದು ದೋಷ. ತುದಿಗೆ ಜೋತುಬೀಳಬೇಕಾದ ರಬ್ಬರಿನ ತುಂಡು ಇರಲಿಲ್ಲ. ಅದಿಲ್ಲದಿದ್ದರೆ ಓಡಿಸುವವರ ಬೆನ್ನು ಚೊಕ್ಕಟವಾಗಿರುತ್ತದೆ, ಹಿಂದೆ ಬರುವವರ ಮಡಿಲು ಮಾತ್ರ ಗದ್ದೆಯಾಗುತ್ತದೆ. ನಾನು ಹಿಂದಿನಿಂದ ದಿನವೂ ಕೂಗುತ್ತಿದ್ದೆ, "ಜಲಜಾ, ಅದಕ್ಕೊಂದು ರಬ್ರು ಹಾಕ್ಸೇ!" ಗಾಳಿ ಒಯ್ಯುತ್ತಿತ್ತು. ಏರಿನಲ್ಲಿ ಪಕ್ಕಕ್ಕೆ ಬಂದಾಗ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಏರಿನಲ್ಲಿ ನನಗೆ ಉಸಿರೇ ಇರುತ್ತಿರಲಿಲ್ಲ, ಅವಳ ಕಥೆ ಸರಿಯಾಗಿ ಕಟ್ಟೆ ಒಡೆಯುವ ಜಾಗಕ್ಕೆ ಬಂದಿರುತ್ತಿತ್ತು. ಊರು ಮುಟ್ಟಿದ ಮೇಲೆ ಅವಳೇ ನನ್ನ ಸೀರೆ ನೋಡಿ ಬೈಯುತ್ತಿದ್ದಳು. "ಎಂತ ಮಾರಾಯ್ತಿ ಇದು? ಹೊಂಡ ನೋಡಿ ಸೈಕಲ್ ಹೊಡಿಯಕ್ಕೆ ಬರಲ್ವನೆ ನಿಂಗೆ?" ನನಗೆ ನಗು ಬಂದುಬಿಡುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಸಲ ಇಳಿಜಾರಿನ ನಡುವೆ ನನ್ನ ಚೈನು ಕಳಚಿತು. ನಾನು ನಿಂತೆ. ಅವಳು ನಿಲ್ಲಲಿಲ್ಲ, ಕಥೆ ಹೇಳುತ್ತಾ ತಿರುವು ದಾಟಿ ಹೋದಳು. ಚೈನು ಏರಿಸಿ, ಕೈ ಹುಲ್ಲಿಗೆ ಒರೆಸಿಕೊಂಡು ಹೋಗಿ ನೋಡಿದರೆ ಕೆಳಗಿನ ಮೋರಿಯ ಹತ್ತಿರ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ. "ನಿಂತಿದ್ದು ಹೇಳಕ್ಕಾಗದಿಲ್ವಾ? ಕಥೆ ಪೂರ್ತಿ ಆ ಮರಗಳಿಗೆ ಹೇಳ್ದಂಗಾತು" ಎಂದು ಜಗಳ ತೆಗೆದಳು. ಮತ್ತೊಮ್ಮೆ ಹೇಳು ಎಂದರೆ ಹೇಳಲಿಲ್ಲ. ಆ ಕಥೆ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇಬ್ಬರಿಗೂ ನಿವೃತ್ತಿಯಾಯಿತು. ನಾನು ಕೊಪ್ಪದಲ್ಲಿ ಮನೆ ಹಿಡಿದೆ. ಅವಳು ಹಿರೇಕೊಡಿಗೆಯಲ್ಲಿ ತಮ್ಮ ಮಂಜಪ್ಪನ ಮನೆಯಲ್ಲಿದ್ದಾಳೆ. ಮೊದಮೊದಲು ದಿನಾ ಫೋನು ಬರುತ್ತಿತ್ತು. ಆಮೇಲೆ ನಾನು ಒಂದು ಹೇಳಿದರೆ ಅವಳು ಇನ್ನೊಂದಕ್ಕೆ ಉತ್ತರ ಕೊಡತೊಡಗಿದಳು. ಕಿವಿ ಹೋಗುತ್ತಿತ್ತು. ಡಾಕ್ಟರು ಕೊಟ್ಟ ಕಿವಿಯ ಯಂತ್ರವನ್ನು ಹಾಕಿಕೊಂಡರೆ ಮಿಕ್ಸಿಯೊಳಗೆ ಕೂತಂತಾಗುತ್ತದೆ ಎಂದು ಡಬ್ಬಿಯಲ್ಲಿ ಮುಚ್ಚಿಟ್ಟಳು. ಈಗ ಫೋನಿನಲ್ಲಿ ಬೆಳಿಗ್ಗೆ ಒಂದು ಗುಲಾಬಿ ಹೂವಿನ ಚಿತ್ರ ಬರುತ್ತದೆ, ಕೆಳಗೆ ಶುಭೋದಯ. ನಾನೂ ಒಂದು ಹೂವು ಕಳಿಸುತ್ತೇನೆ. ಅಲ್ಲಿಗೆ ನನ್ನ ಅವತ್ತಿನ ಮಾತುಕತೆ ಮುಗಿಯಿತು. ಎಷ್ಟೋ ದಿನ ಸಂಜೆಯವರೆಗೆ ಬಾಯಿಂದ ಒಂದು ಶಬ್ದ ಹೊರಡುವುದಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಕಂಡಕ್ಟರ್ "ಎಲ್ಲಿಗೆ? ಗಟ್ಟಿ ಹೇಳಿ" ಎನ್ನುತ್ತಾನೆ. ಬಳಸದ ಗಂಟಲಿಗೂ ತುಕ್ಕು ಹಿಡಿಯುತ್ತದೆ ಎಂದು ನಮ್ಮ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಬೆನ್ನಿನ ಗೆರೆ ಕಂಡ ಮರುದಿನವೇ ಹಿರೇಕೊಡಿಗೆಗೆ ಹೊರಟೆ. ಮೋಟು ಬಾಲದ ಸೈಕಲ್ಲಿನಲ್ಲೇ ಹೋದೆ, ಬೆನ್ನಿಗೊಂದು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು. ಜಲಜ ಜಗಲಿಯಲ್ಲಿ ಕೂತು ಮೆಣಸಿನಕಾಳು ಕೇರುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಆದರೆ ನಾನು ಹೇಳಿದ್ದಕ್ಕೆಲ್ಲ ಬರೀ ತಲೆ ಆಡಿಸಿದಳು. ಕೇಳಿಸದವರು ಎದುರಿನವರಿಗೆ ಬೇಜಾರಾಗದಿರಲಿ ಎಂದು ಆಡಿಸುವ ಒಂದು ತಲೆಯಿದೆ, ನಿಧಾನವಾಗಿ, ಸಣ್ಣ ನಗುವಿನೊಂದಿಗೆ. ನೌಕರಿಯಲ್ಲಿ ಎಷ್ಟೋ ಮುದುಕಿಯರಲ್ಲಿ ಅದನ್ನು ಕಂಡಿದ್ದೆ. ಮಾತಿನ ಮಲ್ಲಿ ಜಲಜನಲ್ಲಿ ಕಾಣುತ್ತೇನೆಂದು ಎಣಿಸಿರಲಿಲ್ಲ.

ಅವಳ ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿತ್ತು, ಚಕ್ರಕ್ಕೆ ಬೀಗ. "ಹಿಂದಿಂದ ಪಿಕಪ್ಪು ಬಂದು ಹಾರ್ನ್ ಮೇಲೆ ಹಾರ್ನ್ ಹೊಡ್ದದೆ, ಅಕ್ಕಂಗೆ ಕೇಳೇ ಇಲ್ಲ. ಡ್ರೈವರು ಇಳಿದು ಬಂದು ಬೈದು ಹೋದ. ಇನ್ನು ಹೆಂಗೆ ಬಿಡದು ಹೇಳಿ?" ಎಂದ ಮಂಜಪ್ಪ. ತಪ್ಪು ಅವನದಲ್ಲ. ಅಕ್ಕನ ಜೀವ ಅವನಿಗೂ ಬೇಕು.

"ನಾನು ಮುಂದೆ ಹೋಗ್ತೀನಿ ಮಂಜಪ್ಪ" ಎಂದೆ. ಹೇಳಿದ ಮೇಲೆಯೇ ನನಗೂ ಅದು ಹೊಳೆದದ್ದು. "ಗಾಡಿ ಬಂದ್ರೆ ನಂಗೆ ಕೇಳ್ತದೆ. ನಾನು ಎಡಗೈ ಎತ್ತಿ ಪಕ್ಕಕ್ಕೆ ಹೋಗ್ತೀನಿ, ಅವಳು ನೋಡ್ಕಂಡು ಪಕ್ಕಕ್ಕೆ ಬರ್ಲಿ. ಅವಳ ಕಣ್ಣು ಚೆನ್ನಾಗೇ ಇದೆಯಲ್ಲ."

ಮಂಜಪ್ಪ ಯೋಚಿಸಿ, ಮಳೆ ಒಂಚೂರು ಕಮ್ಮಿಯಾಗಲಿ, ದೊಡ್ಡ ರಸ್ತೆಗೆ ಹೋಗುವುದು ಬೇಡ ಎಂದ. ನಾನು ಕೈಸನ್ನೆ ಮಾಡಿ, ಜೋರಾಗಿ ಹೇಳಿ, ಕೊನೆಗೆ ಅಂಗಳದಲ್ಲಿ ಸೈಕಲ್ ಹೊಡೆದು ತೋರಿಸಿ ಜಲಜನಿಗೆ ವಿಷಯ ಮುಟ್ಟಿಸಿದೆ. ಅರ್ಥವಾದಾಗ ಅವಳು ಎದ್ದು ಬಂದು ನನ್ನ ಸೈಕಲ್ಲಿನ ಹಿಂಭಾಗ ನೋಡಿದಳು. ಹಳೆಯ ಜಲಜ ಅರೆಗಳಿಗೆ ಹಿಂದಿರುಗಿದಳು.

"ನಿನ್ ಹಿಂದೆ ಬರದಾ? ಮೊದ್ಲು ಈ ಮೋಟು ಬಾಲ ಸರಿ ಮಾಡ್ಸು. ನನ್ ಸೀರೆ ಎಲ್ಲಾ ಹಾಳಾತ್ತದೆ. ಅಲ್ಲಿ ತನಕ ನಾ ಬರಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟು ವರ್ಷ ನನ್ನನ್ನು ಕೆಸರಲ್ಲಿ ಮೀಯಿಸಿದವಳ ಷರತ್ತು ಇದು! ಆದರೆ ಅವಳು ಷರತ್ತು ಹಾಕಿದ್ದಾಳೆ ಎಂದರೆ ಬರುವ ಮನಸ್ಸಿದೆ ಎಂದಾಯಿತು. ಮಡ್‌ಗಾರ್ಡು ಸಿಕ್ಕಿದರೆ ಜಲಜ ಸಿಗುತ್ತಾಳೆ, ಲೆಕ್ಕ ಅಷ್ಟೇ.

ತಗಡಿನ ಮಡ್‌ಗಾರ್ಡು ಹುಡುಕುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕೊಪ್ಪದಲ್ಲಿ ಸೈಕಲ್ ಅಂಗಡಿ ಇಟ್ಟವನು ಮೇಲಕ್ಕೆ ಬಾಲ ಎತ್ತಿಕೊಂಡ ಪ್ಲಾಸ್ಟಿಕ್ಕಿನ ತುಂಡೊಂದನ್ನು ತೋರಿಸಿದ. ಅದು ಬಿಸಿಲಿಗೆ ನೆರಳು ಮಾಡೀತು, ಕೆಸರಿಗೆ ಅಲ್ಲ. ಶೃಂಗೇರಿಗೆ ಹೋದೆ. ಅಲ್ಲಿಯವನು ನನ್ನ ತಲೆಗೂದಲು ನೋಡಿ, "ಅಮ್ಮ, ಬ್ಯಾಟರಿ ಸ್ಕೂಟಿ ತಗಳಿ. ನಿಮ್ಮ ವಯಸ್ಸಿನೋರಿಗೆ ಬೆಸ್ಟು" ಎಂದ. ಬಂದ ಕೆಲಸ ಕೆಟ್ಟಿತಲ್ಲ ಎಂದು ತುಂಗೆಯ ದಡದಲ್ಲಿ ಕೂತು ಮೀನುಗಳಿಗೆ ಪುರಿ ಹಾಕಿ ವಾಪಸು ಬಂದೆ. ಮೀನುಗಳಾದರೂ ಗುಂಪಾಗಿದ್ದವು. ನರಸಿಂಹರಾಜಪುರದಲ್ಲಿ ಹಳೆಯ ಸೈಕಲ್ ಅಂಗಡಿಯೊಂದಿದೆ ಎಂದು ಬಸ್ಸಿನಲ್ಲಿ ಯಾರೋ ಮಾತಾಡಿದ್ದು ಕಿವಿಗೆ ಬಿತ್ತು. ನನ್ನ ಕಿವಿ ಇನ್ನೂ ನೆಟ್ಟಗಿದೆ, ದೇವರು ದೊಡ್ಡವನು.

ಅಲ್ಲಿ ಸಿಕ್ಕಿತು. ಅಂಗಡಿಯವನು ಅಟ್ಟದಿಂದ ಧೂಳು ಹಿಡಿದ ಎರಡು ಜೊತೆ ಇಳಿಸಿದ. ಒಂದು ಕಪ್ಪು, ಬಂಗಾರದ ಬಣ್ಣದ ಗೆರೆ ಎಳೆದದ್ದು. ಇನ್ನೊಂದು ಬೆಳ್ಳಗೆ ಹೊಳೆಯುವ ಸ್ಟೀಲಿನದು. ನಾನು ಎರಡನ್ನೂ ಕೌಂಟರಿನ ಮೇಲಿಟ್ಟು, ದೂರ ನಿಂತು ನೋಡಿ, ಹತ್ತಿರ ಬಂದು ಬಗ್ಗಿ ನೋಡಿ, ಗಿರಾಕಿಗಳಿಗೆಲ್ಲ ಅಡ್ಡವಾದೆ. ಸೀರೆ ಆರಿಸುವಾಗಲೂ ನಾನು ಇಷ್ಟು ಹೊತ್ತು ತೆಗೆದುಕೊಂಡವಳಲ್ಲ.

"ಕಪ್ಪು ತಗಳಿ ಮಾರಾಯ್ರೆ. ಸ್ಟೀಲು ಒಂದು ಮಳೆಗಾಲಕ್ಕೆ ಮಂಕಾಗ್ತದೆ. ಅದೂ ಅಲ್ದೆ ಹಿಂದಿಂದು ನಿಮಗೆಲ್ಲಿ ಕಾಣ್ತದೆ?" ಎಂದ ಅವನು.

"ಕಾಣೋದು ನಂಗಲ್ಲ" ಎಂದೆ. ಬಿಳಿ ಪಟ್ಟಿಯನ್ನೇ ನೋಡಿಕೊಂಡು ದಾರಿ ಸವೆಸಿದ ನನಗೆ ಗೊತ್ತು, ಹಿಂದೆ ಬರುವವರಿಗೆ ಅದೇ ಪ್ರಪಂಚ. ಜಲಜನಿಗೆ ಇನ್ನು ಮೇಲೆ ಕೇಳಿಸುವುದಿಲ್ಲ, ಕಾಣಿಸುವುದಾದರೂ ಹೊಳೆಯಲಿ. ಸ್ಟೀಲಿನದನ್ನೇ ಕೊಂಡೆ. ಅವನು ಪೇಪರು ಸುತ್ತಿ ಕೊಟ್ಟ ಆ ಬಾಗಿದ ಜೋಡಿಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದವಳು ಅದು ಏನೆಂದು ಕೇಳುತ್ತಾಳೆ ಎಂದು ಕೊಪ್ಪದವರೆಗೂ ಕಾದೆ. ಕೇಳಲಿಲ್ಲ.

ಕೂರಿಸುವುದು ನಾನೇ ಎಂದು ಹಟ ಹಿಡಿದೆ. ಮಡ್‌ಗಾರ್ಡು ಕೂರಿಸಲು ಮೂರು ಕೈ ಬೇಕೆಂಬುದು ಅಂಗಳದಲ್ಲಿ ಕೂತ ಮೇಲೆ ಗೊತ್ತಾಯಿತು. ಒಂದು ಕೈ ತಗಡನ್ನು ಎತ್ತಿ ಹಿಡಿಯಬೇಕು, ಒಂದು ಕೈ ಬೋಲ್ಟು ಹಿಡಿಯಬೇಕು, ಒಂದು ಕೈ ಸ್ಪ್ಯಾನರು ತಿರುಗಿಸಬೇಕು. ಒಂಟಿಯಾಗಿ ಬದುಕುವವರು ಅಡುಗೆ, ಜ್ವರ, ಹಬ್ಬ ಎಲ್ಲವನ್ನೂ ಎರಡು ಕೈಯಲ್ಲಿ ನಿಭಾಯಿಸಿಯಾರು, ಆ ಮೂರನೆಯ ಕೈಯ ಕೊರತೆ ಇಂಥ ಕಡೆ ಎದ್ದು ಕಾಣುತ್ತದೆ. ಬೋಲ್ಟಿಗೆ ಕೈ ಹಾಕಿದರೆ ತಗಡು ಜಾರುತ್ತಿತ್ತು, ತಗಡು ಹಿಡಿದರೆ ನಟ್ಟು ಉರುಳಿ ತುಳಸಿಕಟ್ಟೆಯ ಸಂದಿಗೆ ಹೋಗುತ್ತಿತ್ತು. ಆ ನಟ್ಟಿಗೆ ನಾನು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆ ವಾರದಲ್ಲಿ ನಾನು ಅತಿ ಹೆಚ್ಚು ಮಾತಾಡಿದ್ದು ಅದರ ಜೊತೆಗೇ.

ಕೊನೆಗೆ ನೌಕರಿಯ ಬುದ್ಧಿ ಓಡಿತು. ಒಳಗಿನಿಂದ ಬ್ಯಾಂಡೇಜಿನ ಸುರುಳಿ ತಂದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಹೆಬ್ಬೆರಳಿನಷ್ಟಾದರೂ ಸಂದು ಬಿಡಬೇಕು, ಇಲ್ಲವಾದರೆ ನಮ್ಮ ಕಡೆಯ ಅಂಟು ಮಣ್ಣು ಕಚ್ಚಿಕೊಂಡು ಚಕ್ರವೇ ನಿಲ್ಲುತ್ತದೆ. ಅಡಿಕೆ ಹಾಳೆಯ ದಪ್ಪ ಬುಡದ ತುಂಡುಗಳನ್ನು ಮಡಿಸಿ ಅಲ್ಲಲ್ಲಿ ಸಂದಿಗೆ ಇಟ್ಟೆ, ಮುರಿದ ಕೈಗೆ ಪಟ್ಟಿ ಕಟ್ಟುವಂತೆ ತಗಡನ್ನೂ ಚಕ್ರವನ್ನೂ ಸೇರಿಸಿ ಬ್ಯಾಂಡೇಜು ಸುತ್ತಿದೆ. ಈಗ ಎರಡು ಕೈ ಸಾಕಾಯಿತು. ಪ್ರತಿ ಬೋಲ್ಟಿನ ಕೆಳಗೂ ಹಳೆಯ ಟ್ಯೂಬಿನ ರಬ್ಬರು ಇಟ್ಟು, ಎಲ್ಲಿಯೂ ಒಂದಿಷ್ಟೂ ಸದ್ದು ಬಾರದಂತೆ ಬಿಗಿದೆ. ತುದಿಗೆ ಜೋತುಬೀಳಲು ಹಳೆಯ ಗಂಬೂಟಿನ ಕಾಲು ಕತ್ತರಿಸಿ ಉದ್ದನೆಯ ತುಂಡು ಸಿಕ್ಕಿಸಿದೆ. ಗೆದ್ದ ಖುಷಿಯಲ್ಲಿ ಬ್ಯಾಂಡೇಜು ಬಿಚ್ಚಿ ರಸ್ತೆಗಿಳಿದರೆ ಚಕ್ರದಿಂದ ಸರ್‍ರನೆ ಒಂದು ಸದ್ದು. ಸ್ಟೀಲಿನದು ಹೊಸತರಲ್ಲಿ ಹೀಗೇ ಇರಬೇಕು ಎಂದು ಪೇಟೆಯವರೆಗೂ ಹೆಮ್ಮೆಯಿಂದ ಹೋದೆ. ಕಾಫಿ ಕುಡಿದು ಬಂದು ಬಗ್ಗಿ ನೋಡಿದರೆ ಹಾಳೆಯ ಒಂದು ತುಂಡು ಒಳಗೇ ಉಳಿದಿತ್ತು. ಅದನ್ನೂ ಯಾರೂ ಹೇಳಿರಲಿಲ್ಲ, ನಾನು ಹೇಳುವವರನ್ನು ನಿರೀಕ್ಷಿಸಿರಲೂ ಇಲ್ಲ.

ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಹಿರೇಕೊಡಿಗೆಯ ಅಂಗಳದಲ್ಲಿ ನನ್ನ ಸೈಕಲ್ ನಿಂತಿತು. ಜಲಜ ಹಿಂದಿನ ಮಡ್‌ಗಾರ್ಡನ್ನು ಬೆರಳಿನಿಂದ ಸವರಿ, ಅದರಲ್ಲಿ ತನ್ನ ಮುಖ ನೋಡಿಕೊಂಡು, "ಮದುಮಗನ ಹಂಗದೆ ಕಣೇ" ಎಂದಳು. ತಿಳಿಹಳದಿ ಸೀರೆ ಉಟ್ಟಿದ್ದಳು. ಮಂಜಪ್ಪ ಬೀಗ ತೆಗೆದು ಅವಳ ಸೈಕಲ್ಲಿಗೆ ಗಾಳಿ ಹೊಡೆದ, ಎಣ್ಣೆ ಬಿಟ್ಟ. ಹಳೆಯ ತಗಡಿನ ಮಡ್‌ಗಾರ್ಡು ಗಡಗಡ ಎನ್ನುತ್ತಿತ್ತು. ಅದರ ನಟ್ಟು ಬಿಗಿ ಮಾಡಲು ಸ್ಪ್ಯಾನರು ತಂದವನನ್ನು ನಾನು ತಡೆದೆ. "ಅದು ಇರ್ಲಿ ಮಂಜಪ್ಪ. ಹಂಗೇ ಇರ್ಲಿ."

ಹೊರಟೆವು. ನಾನು ಮುಂದೆ, ಅವಳು ಹಿಂದೆ. ಹಾಲಿನ ಗಾಡಿಯೊಂದು ಹಿಂದಿನಿಂದ ಬಂತು. ಎಡಗೈ ಎತ್ತಿ ಪಕ್ಕಕ್ಕೆ ಸರಿದು ತಿರುಗಿ ನೋಡಿದರೆ ಜಲಜ ಶಾಲೆಯ ಮಗುವಿನಂತೆ ಅಂಚಿಗೆ ಬಂದು ನಿಂತಿದ್ದಳು. ಗಾಡಿ ಹೋಯಿತು. ಮುಂದಿನ ಇಳಿಜಾರಿನಲ್ಲಿ ಅವಳು ಮಾತು ಶುರು ಮಾಡಿದಳು.

ಮಾತಾಡುತ್ತಿದ್ದಾಳೆ ಎಂಬುದಷ್ಟೇ ನನಗೆ ತಿಳಿಯುತ್ತಿತ್ತು. ಒಂದು ಮಾತೂ ಮುಂದಕ್ಕೆ ಬರುತ್ತಿರಲಿಲ್ಲ, ಗಾಳಿ ಎಲ್ಲವನ್ನೂ ಅವಳ ಹಿಂದಕ್ಕೆ, ಆ ಮರಗಳಿಗೆ ಒಯ್ಯುತ್ತಿತ್ತು. ನಾನು ಅಭ್ಯಾಸಬಲದಿಂದ ಹೂಂ, ಹೂಂ ಎಂದೆ. ಅದು ಅವಳಿಗೆ ಕೇಳಿಸುವಂತಿರಲಿಲ್ಲ. ಇಷ್ಟು ಊರು ತಿರುಗಿ, ಇಷ್ಟು ನಟ್ಟು ಬಿಗಿದು, ಕೊನೆಗೆ ಗಿಟ್ಟಿಸಿಕೊಂಡದ್ದು ಇದೇ ಏನು ಎನಿಸಿತು. ಒಬ್ಬಳೇ ಇದ್ದಾಗಿನ ಬೇಸರ ನನಗೆ ಪರಿಚಯದ್ದು. ಜೊತೆಗಿದ್ದಾಗಿನ ಈ ಬೇಸರ ಹೊಸದು, ಇದನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹಿಂದಿನ ಗಡಗಡ ನಿಂತಿತು. ಬ್ರೇಕು ಹಾಕಿ ತಿರುಗಿದೆ. ಜಲಜ ಬಿದ್ದಿರಲಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಮಡಿಲು ನೋಡಿಕೊಳ್ಳುತ್ತಾ ನಿಂತಿದ್ದಳು. ಸೈಕಲ್ ದೂಡಿಕೊಂಡು ಹತ್ತಿರ ಹೋದೆ.

"ನೋಡೇ ಗಿರಿಜಾ, ಒಂದು ಹನಿ ಕೆಸರಿಲ್ಲ" ಎಂದು ನಿರಿಗೆ ಹಿಡಿದು ತೋರಿಸಿದಳು. ಆಮೇಲೆ ನನ್ನ ಸೈಕಲ್ಲಿಗೆ ಜೋತುಬಿದ್ದಿದ್ದ ಗಂಬೂಟಿನ ತುಂಡನ್ನು ನೋಡಿದಳು. ತನ್ನ ಸೈಕಲ್ಲಿನ ಹಿಂದಕ್ಕೆ ಬಗ್ಗಿ ಆ ಬೋಳು ಬಿಳಿ ಪಟ್ಟಿಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಮುಖ ಸಣ್ಣಗಾಯಿತು.

"ಹಂಗಾರೆ ಆಗ ನಿನ್ನ ಬಿಳಿ ಸೀರೆ ಮೇಲೆ ಇರ್ತಿದ್ದಿದ್ದು ನಾ ಹಾರ್ಸಿದ್ದನೆ? ನಾ ನಿಂಗೇ ಬೈತಿದ್ನಲ್ಲೇ... ಒಂದಿನ ಆದ್ರೂ ಹೇಳಬಾರ್ದಿತ್ತಾ ಮಾರಾಯ್ತಿ?"

"ಹೇಳಿದ್ದೆ" ಎಂದೆ.

"ಎಂತ?"

"ಹೇಳಿದ್ದೆ ಕಣೇ! ದಿನಾ ಹೇಳಿದ್ದೆ!"

ನನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಉಳಿದಿದೆಯೆಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಗದ್ದೆಯ ಬೆಳ್ಳಕ್ಕಿಗಳು ಎದ್ದು ಹಾರಿದವು. ಜಲಜ ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ನಿಧಾನವಾಗಿ, ಸಣ್ಣ ನಗುವಿನೊಂದಿಗೆ, ತಲೆ ಆಡಿಸಿದಳು. ಆ ತಲೆಯನ್ನು ನಾನು ಬಲ್ಲೆ. ನಾನೂ ಹಾಗೆಯೇ ತಲೆ ಆಡಿಸಿ ಸೈಕಲ್ ಹತ್ತಿದೆ.

ಉಳಿದ ಇಳಿಜಾರಿನಲ್ಲಿ ನಾನು ತಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ನನ್ನ ಹೊಸ ಮಡ್‌ಗಾರ್ಡು ಉಸಿರೆತ್ತಲಿಲ್ಲ. ಹಿಂದೆ ಅವಳ ಹಳೆಯ ತಗಡು ಗಡಗಡ, ಗಡಗಡ ಎನ್ನುತ್ತಾ ಬರುತ್ತಿತ್ತು. ಆ ನಟ್ಟನ್ನು ಬಿಗಿ ಮಾಡಲು ನಾನು ಬಿಡದಿದ್ದದ್ದು ಇದನ್ನು ಕೇಳುವುದಕ್ಕೇ.